ಹಿಂಬದಿಯ ತಗಡು ಹೇಳುವ ಸತ್ಯ

ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ, ಕಾಫಿ ಲೋಟ ಕೆಳಗಿಡುವ ಮೊದಲೇ, ನಮ್ಮ ಬೀದಿಯ ಪರಿಚಿತರೊಬ್ಬರು ಬಾಗಿಲು ತಟ್ಟಿದರು. "ಒಂದು ಗಳಿಗೆ ಮನೆಗೆ ಬಂದು ನನ್ನ ಮಗನಿಗೆ ಬುದ್ಧಿ ಹೇಳಿ. ನಿಮ್ಮ ಮಾತಾದರೆ ಕೇಳುತ್ತಾನೆ" ಎಂದರು. ಮಗ ದ್ವಿತೀಯ ಪಿಯುಸಿ, ವಿಜ್ಞಾನದ ವಿದ್ಯಾರ್ಥಿ. ಸಿಗರೇಟಿನ ಚಟವೇ? ಅಲ್ಲ. ಮೊಬೈಲ್ ಆಟದ ಹುಚ್ಚೇ? ಅದೂ ಅಲ್ಲ. ಹುಡುಗ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಹಳೇ ಸಾಮಾನಿನ ಸಂತೆಯಿಂದ ಒಂದು ಭಾರಿ ಪೆಟ್ಟಿಗೆ ಹೊತ್ತು ತಂದಿದ್ದ. ಅಜ್ಜಿ ಹಬ್ಬಕ್ಕೆಂದು ಕೊಟ್ಟಿದ್ದ ದುಡ್ಡನ್ನೆಲ್ಲ ಅದಕ್ಕೆ ಸುರಿದಿದ್ದ. "ಇಪ್ಪತ್ತು ಕಿಲೋ ಇದೆ ಸ್ವಾಮಿ. ಗುಜರಿಗೆ ಹಾಕುತ್ತೇನೆ ಅಂದಿದ್ದಕ್ಕೆ ನಿನ್ನೆ ರಾತ್ರಿಯಿಂದ ಊಟ ಬಿಟ್ಟು ಕೂತಿದ್ದಾನೆ!"

ಹೋಗಿ ನೋಡಿದೆ. ಓದುವ ಮೇಜಿನ ಮೇಲೆ, ಪುಸ್ತಕಗಳನ್ನು ಒತ್ತರಿಸಿಕೊಂಡು ಅದು ಕೂತಿತ್ತು. ಬೆಳ್ಳಿ ಬಣ್ಣದ ಅಗಲವಾದ ಮುಖ, ದಪ್ಪನೆಯ ಲೋಹದ ಗುಂಡಿಗಳು, ಸುತ್ತ ಮರದ ಹೊದಿಕೆ. 1970ರ ದಶಕದಲ್ಲಿ ಜಪಾನಿನಲ್ಲಿ ತಯಾರಾಗಿ ಅಮೆರಿಕದಲ್ಲಿ ಮಾರಾಟವಾದ ರಿಸೀವರ್ ಅದು. ಅಂದರೆ ರೇಡಿಯೊ ಮತ್ತು ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ. ಯಾರೋ ಊರಿಗೆ ಮರಳುವಾಗ ತಂದದ್ದು ಕೈಯಿಂದ ಕೈಗೆ ದಾಟಿ ಸಂತೆಗೆ ಬಂದಿರಬೇಕು. ತಂದೆ ಅಸಹನೆಯಿಂದ ಹೇಳಿದರು: "ನಮ್ಮ ಹಜಾರದ ಹೊಸ ಸ್ಪೀಕರಿನ ಡಬ್ಬದ ಮೇಲೆ 2000 ವಾಟ್ ಅಂತ ಬರೆದಿದೆ. ಈ ಗಜಗಾತ್ರದ್ದು ಬರೀ 80 ವಾಟ್ ಅಂತೆ. ಇದಕ್ಕೆ ಯಾಕೆ ಸಾಯಬೇಕು?"

ಪ್ರಶ್ನೆ ಚೆನ್ನಾಗಿದೆ. ಇದರ ಉತ್ತರಕ್ಕೆ ಅರ್ಧ ಶತಮಾನ ಹಿಂದಕ್ಕೆ, ಅಮೆರಿಕದ ಮಾರುಕಟ್ಟೆಗೆ ಹೋಗಬೇಕು.

1960ರ ದಶಕದಲ್ಲಿ ಅಲ್ಲಿಯೂ ಇದೇ ಪಾಡು. ಆಂಪ್ಲಿಫೈಯರಿನ ಶಕ್ತಿಯನ್ನು ಪ್ರತಿ ಕಂಪನಿಯೂ ತನಗೆ ಬೇಕಾದ ಲೆಕ್ಕದಲ್ಲಿ ಹೇಳುತ್ತಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತು ಸಿಗುವ ಶಕ್ತಿಯನ್ನೇ ದೊಡ್ಡದು ಮಾಡಿ 'ಪೀಕ್ ಪವರ್' ಎಂದು ಜಾಹೀರಾತು ಹಾಕುತ್ತಿದ್ದರು. ನಮ್ಮಲ್ಲಿ 1990ರ ದಶಕದಲ್ಲಿ ಟೂ-ಇನ್-ಒನ್‌ಗಳ ಮೇಲೆ ರಾರಾಜಿಸುತ್ತಿದ್ದ 'ಪಿಎಂಪಿಒ' ಎಂಬ ನಾಲ್ಕಕ್ಷರ ಇದರದೇ ಸಂತಾನ. ಅದನ್ನು ಹೇಗೆ ಅಳೆಯಬೇಕೆಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವೇ ಇರಲಿಲ್ಲ. ಹಾಗಾಗಿ ಅಂಗೈಯಗಲದ ಸ್ಪೀಕರೂ ಸಾವಿರ ವಾಟಿನದಾಗುತ್ತಿತ್ತು.

1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕೆ ಮೂಗುದಾರ ಹಾಕಿತು. ವಾಟ್ ಎಂದು ಬಾಯಿಬಿಡುವುದಾದರೆ ಎಡ ಬಲ ಎರಡೂ ಚಾನೆಲ್‌ಗಳನ್ನು ಒಟ್ಟಿಗೇ ನಡೆಸಿ, ನಿರಂತರವಾಗಿ ಸಿಗುವ ಶಕ್ತಿಯನ್ನು ಹೇಳಬೇಕು. ಯಾವ ಕಂಪನಾಂಕದಿಂದ ಯಾವ ಕಂಪನಾಂಕದವರೆಗೆ, ಎಷ್ಟು ಓಮ್ ಸ್ಪೀಕರಿಗೆ, ನಾದ ಎಷ್ಟು ವಿರೂಪಗೊಂಡಾಗ ಎಂಬುದನ್ನೂ ಹೇಳಬೇಕು. ಅಷ್ಟೇ ಅಲ್ಲ, ಅಳೆಯುವ ಮೊದಲು ಯಂತ್ರವನ್ನು ಅದರ ಮೂರನೇ ಒಂದು ಪಾಲು ಶಕ್ತಿಯಲ್ಲಿ ಒಂದು ಗಂಟೆ ಓಡಿಸಿರಬೇಕು. ಆ ಕಾಲದ ಆಂಪ್ಲಿಫೈಯರುಗಳಿಗೆ ಇದು ಅಗ್ನಿಪರೀಕ್ಷೆಯೇ ಸರಿ. ಏಕೆಂದರೆ ಅವು ವಿಪರೀತ ಬಿಸಿಯಾಗುತ್ತಿದ್ದುದು ಪೂರ್ಣ ಶಕ್ತಿಯಲ್ಲಿ ಅಲ್ಲ, ಸುಮಾರು ಈ ಮಟ್ಟದಲ್ಲಿ.

ಆಮೇಲೆ ನಡೆದದ್ದು ಸ್ವಾರಸ್ಯಕರ. ಸುಳ್ಳು ಅಂಕಿಯ ದಾರಿ ಮುಚ್ಚಿದ್ದರಿಂದ ಕಂಪನಿಗಳು ನಿಜವಾದ ವಾಟಿನಲ್ಲೇ ಪೈಪೋಟಿಗೆ ಇಳಿದವು. 1976ರಲ್ಲಿ ಪಯೋನಿಯರ್ ಕಂಪನಿಯ ಎಸ್‌ಎಕ್ಸ್-1250 ಚಾನೆಲ್ಲಿಗೆ 160 ವಾಟ್ ಕೊಟ್ಟಿತು. 1978ರ ಎಸ್‌ಎಕ್ಸ್-1980 ಕೊಟ್ಟದ್ದು 270 ವಾಟ್. ಅದೇ ಕಾಲದ ಮರಾಂಟ್ಜ್ 2600ರದು 300 ವಾಟ್. ನಿಜವಾದ ವಾಟ್ ಬಿಟ್ಟಿ ಬರುವುದಿಲ್ಲ. ಅದಕ್ಕೆ ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು, ಅಂದರೆ ಕಬ್ಬಿಣ ಮತ್ತು ತಾಮ್ರ. ದಪ್ಪ ಕೆಪ್ಯಾಸಿಟರ್ ಬೇಕು. ಶಾಖ ಹೊರದಬ್ಬಲು ಅಲ್ಯೂಮಿನಿಯಂ ರೆಕ್ಕೆಗಳು ಬೇಕು. ಆ ಎಸ್‌ಎಕ್ಸ್-1980ರ ತೂಕ ಸುಮಾರು 35 ಕಿಲೋ! ಸುಳ್ಳಿಗೆ ತೂಕವಿಲ್ಲ, ವಾಟಿಗೆ ಇದೆ. 1980ರ ದಶಕ ಕಾಲಿಡುತ್ತಿದ್ದಂತೆ ಈ ದೈತ್ಯರ ಪೈಪೋಟಿ ಮುಗಿದುಹೋಯಿತು. ಕೆಲವೇ ವರ್ಷ ತಯಾರಾದ ದುಬಾರಿ ಯಂತ್ರಗಳಾದ್ದರಿಂದ ಇಂದು ಅವು ಅಪರೂಪ. ಹುಡುಕುವವರಿಗೆ ಅದೇ ರುಚಿ.

"ಅಷ್ಟು ಶಕ್ತಿ ಯಾಕೆ, ಬೀದಿಯವರ ಕಿವಿ ತೂತು ಮಾಡಲಿಕ್ಕಾ?" ಎಂದು ತಾಯಿ ಅಡುಗೆಮನೆಯಿಂದಲೇ ಕೇಳಿದರು. ಅಲ್ಲೇ ಇದೆ ಮಜಾ. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ನಮ್ಮ ಕಿವಿಗೆ 'ಎರಡು ಪಟ್ಟು ಜೋರು' ಅನ್ನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ಮನೆಯಲ್ಲಿ ಹಿತವಾಗಿ ಕೇಳುವಾಗ ಒಂದು ವಾಟ್ ಖರ್ಚಾದರೆ ಹೆಚ್ಚು. ಆದರೆ ಸಂಗೀತ ಸಮತಟ್ಟಾದ ರಸ್ತೆಯಲ್ಲ. ಕಛೇರಿಯಲ್ಲಿ ಪಿಟೀಲು ಮೆಲ್ಲಗೆ ಸಾಗುತ್ತಿರುವಾಗ ಮೃದಂಗದ ಒಂದು ಪೆಟ್ಟು ಬಿತ್ತು ಅನ್ನಿ. ಆ ಕ್ಷಣದ ಸದ್ದು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಜಿಗಿದರೆ ಅದಕ್ಕೆ ನೂರು ಪಟ್ಟು ಶಕ್ತಿ ಬೇಕು. ಒಂದು ವಾಟ್ ಇದ್ದದ್ದು ನೂರು ವಾಟ್! ಶಕ್ತಿ ಸಾಲದ ಯಂತ್ರ ಆ ಅಲೆಯ ತಲೆಯನ್ನೇ ಕತ್ತರಿಸಿಬಿಡುತ್ತದೆ. ಆಗ ಪೆಟ್ಟು ಪೆಟ್ಟಾಗಿ ಕೇಳದೆ ಒಡಕು ಡಬ್ಬದಂತೆ ಕೇಳುತ್ತದೆ. ದೊಡ್ಡ ಆಂಪ್ಲಿಫೈಯರಿನ ಸುಖ ಅಬ್ಬರದಲ್ಲಿಲ್ಲ, ಬೇಕಾದಾಗ ಕೈಗೆ ಸಿಗುವ ಮೀಸಲಿನಲ್ಲಿದೆ. (ಅಬ್ಬರದ ಚಪಲ ಇರುವ ಹುಡುಗರಿಗೆ ಒಂದು ಮಾತು: 85 ಡೆಸಿಬೆಲ್ ದಾಟಿದ ಸದ್ದನ್ನು ದಿನವೂ ಗಂಟೆಗಟ್ಟಲೆ ಕೇಳಿ ಕಳೆದುಕೊಂಡ ಕಿವಿ ಯಾವ ಸಂತೆಯಲ್ಲೂ ಸಿಗುವುದಿಲ್ಲ.)

ಇಂಥ ಯಂತ್ರಗಳಿಗೆ ಹುಚ್ಚು ಬೆಲೆ ಬರುವುದೂ ಉಂಟು. ಅಮೆರಿಕದ 'ಗ್ರೇಟ್‌ಫುಲ್ ಡೆಡ್' ವಾದ್ಯವೃಂದ 1974ರಲ್ಲಿ ವೇದಿಕೆಯ ಹಿಂದೆ ಸ್ಪೀಕರುಗಳ ಗೋಡೆಯನ್ನೇ ಕಟ್ಟಿತ್ತು. ಅದಕ್ಕೆ ಶಕ್ತಿ ಕೊಟ್ಟದ್ದು ಮೆಕಿಂಟಾಷ್ ಎಂಸಿ-2300 ಆಂಪ್ಲಿಫೈಯರುಗಳು. ಅವುಗಳಲ್ಲಿ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ಬಳಸಿದ್ದ ಒಂದು, 2021ರಲ್ಲಿ ಸೋದಬೀಸ್ ಹರಾಜಿನಲ್ಲಿ ಮೂರೂವರೆ ಲಕ್ಷ ಡಾಲರಿಗೂ ಮಿಕ್ಕಿ ಹೋಯಿತು. ಅದು ಹೆಸರಿಗೆ ಸಂದ ಬೆಲೆ. ಸಂತೆಯಲ್ಲಿ ಹುಡುಕುವ ಸಾಮಾನ್ಯನಿಗೆ ಸಿಗುವ ಸುಖ ಬೇರೆ. ಇವುಗಳನ್ನು ತಿರುಪು ಬಿಚ್ಚಿ ನೋಡಬಹುದು. ಪಿಯುಸಿ ಭೌತಶಾಸ್ತ್ರದ ಪುಸ್ತಕದಲ್ಲಿ ಪುಟಕ್ಕೊಂದರಂತೆ ಮಲಗಿರುವ ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್, ಕೆಪ್ಯಾಸಿಟರ್ ಎಲ್ಲವೂ ಇಲ್ಲಿ ಒಂದರ ಕೈ ಒಂದು ಹಿಡಿದು ನಿಂತಿರುತ್ತವೆ. ಕೆಟ್ಟ ಭಾಗವನ್ನು ಕಿತ್ತು ಇನ್ನೊಂದು ಕೂರಿಸಬಹುದು.

ಇಷ್ಟೆಲ್ಲ ಹೇಳುವಾಗಲೂ ನನ್ನ ಎದೆಯಲ್ಲಿ ಒಂದು ಅಳುಕಿತ್ತು. ಹುಡುಗನನ್ನು ಕೇಳಿಯೇಬಿಟ್ಟೆ: "ಇದನ್ನು ಪ್ಲಗ್ಗಿಗೆ ಹಾಕಿದೆಯೇನಪ್ಪಾ?"

"ಇಲ್ಲ ಅಂಕಲ್. ಹಿಂದಿನ ತಗಡಿನ ಮೇಲೆ 120 ವೋಲ್ಟ್ ಅಂತಿದೆ. ನಮ್ಮ ಮನೆಯದು 230. ಹಾಕಿದ್ದರೆ ಸುಟ್ಟುಹೋಗ್ತಿತ್ತು."

ತಂದೆ ಮಾತಾಡಲಿಲ್ಲ. ಹುಡುಗ ಎದ್ದು ಹಜಾರದ ಹೊಸ ಸ್ಪೀಕರನ್ನು ತಂದು ಬೆನ್ನು ತಿರುಗಿಸಿ ತೋರಿಸಿದ. ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಬಳಸುವ ವಿದ್ಯುತ್ 60 ವಾಟ್. "ಅಪ್ಪಾ, 60 ವಾಟ್ ತಿಂದು 2000 ವಾಟ್ ಹೇಗೆ ಕೊಡುತ್ತೆ?"

ಒಂದು ಕ್ಷಣದ ಮಟ್ಟಿಗೆ, ಕೂಡಿಟ್ಟುಕೊಂಡದ್ದರಿಂದ ಹೆಚ್ಚು ಕೊಡಬಹುದು. ಆದರೆ ಸತತವಾಗಿ, ಗೋಡೆಯಿಂದ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಕೊಡುವ ಪೆಟ್ಟಿಗೆಯನ್ನು ಯಾರೂ ಮಾಡಿಲ್ಲ, ಮಾಡಲಾರರು. ಶಕ್ತಿಯ ನಿತ್ಯತೆಯ ನಿಯಮವನ್ನು ಪರೀಕ್ಷೆಗೆಂದು ಉರು ಹೊಡೆಯುವವರು ಸಾವಿರಾರು ಮಂದಿ. ಅದನ್ನು ತನ್ನ ಮನೆಯ ಹಜಾರದಲ್ಲಿ ಕಂಡವನು ಈ ಹುಡುಗ. ಇವನಿಗೆ ನಾನು ಯಾವ ಬುದ್ಧಿ ಹೇಳಲಿ?

ಹೇಳಿದ್ದು ಎರಡೇ ಮಾತು. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪ್ಯಾಸಿಟರುಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ, ಆದ್ದರಿಂದ ತಿಳಿದವರಿಲ್ಲದೆ ಮುಚ್ಚಳ ತೆಗೆಯಬೇಡ. ಮತ್ತು ಮೊದಲು ಊಟ ಮಾಡು.

ಮುಂದಿನ ಶನಿವಾರ ಮೂವರೂ ಎಸ್.ಪಿ. ರಸ್ತೆಯ ಹಳೆಯ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋದೆವು. ಅವರು ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಜೋಡಿಸಿ, ಅದರ ಹಾದಿಯಲ್ಲಿ ಹಳೇ ಕಾಲದ 100 ವಾಟಿನ ಬಲ್ಬೊಂದನ್ನು ಸರಣಿಯಲ್ಲಿ ಸೇರಿಸಿದರು. ಬಲ್ಬ್ ಪ್ರಖರವಾಗಿ ಉರಿಯುತ್ತಲೇ ಉಳಿದರೆ ಒಳಗೆ ಶಾರ್ಟ್ ಆಗಿದೆ ಎಂದರ್ಥ. ಬೆಳಗಿ ಮಂಕಾದರೆ ಜೀವ ಇದೆ ಎಂದರ್ಥ. ಸ್ವಿಚ್ ಒತ್ತಿದರು. ಬಲ್ಬ್ ಧಗ್ಗನೆ ಬೆಳಗಿತು. ನಮ್ಮ ಮೂವರ ಉಸಿರೂ ನಿಂತಿತ್ತು. ಮೆಲ್ಲಗೆ, ಬಹಳ ಮೆಲ್ಲಗೆ, ಬೆಳಕು ಕೆಂಪಾಗಿ ಇಳಿಯಿತು. ಎಡ ಚಾನೆಲ್ ಹಾಡಿತು. ಬಲದ್ದು ಮೂಕ.

ಪರೀಕ್ಷೆ ಮುಗಿಯುವವರೆಗೆ ಪೆಟ್ಟಿಗೆ ಅಟ್ಟ ಸೇರಬೇಕೆಂದು ಒಪ್ಪಂದವಾಯಿತು. ಹುಡುಗ ತಕರಾರಿಲ್ಲದೆ ಒಪ್ಪಿದ. ಮೊನ್ನೆ ತರಕಾರಿ ಅಂಗಡಿಯಲ್ಲಿ ಆ ತಂದೆ ಸಿಕ್ಕರು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಅಲ್ಲಾ ಸ್ವಾಮಿ, ಆ ಬಲಗಡೆ ಚಾನೆಲ್ಲಿಗೆ ಏನಾಗಿರಬಹುದು?"