ರೊಟ್ಟಿ ಬಡಿಯುವ ಕೈಗೆ ಒಂದು ಸಂಜೆಯ ಬಿಡುವು



"ಸರ್, ನಮ್ಮ ಮಕ್ಕಳು ರೊಟ್ಟಿ ಮುಟ್ಟುವುದಿಲ್ಲ, ಬರೀ ಸ್ಯಾಂಡ್‌ವಿಚ್ ಬೇಡುತ್ತವೆ" ಎಂದು ಪರಸ್ಥಳದಲ್ಲಿ ನೆಲೆಸಿದ ನಿಮ್ಮಲ್ಲಿ ಹಲವರು ಕೊರಗುವುದುಂಟು. ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲಿರುವ ಬಂಧುಗಳ ಮನೆಗಳಲ್ಲೂ ಈಗ ಇದೇ ಮಾತು. ಈ ಕೊರಗಿನಲ್ಲಿ ನಾನು ಪಾಲುಗಾರನಲ್ಲ. ಸ್ಯಾಂಡ್‌ವಿಚ್ಚನ್ನು ಹಳಿಯುವ ಬದಲು ಅದನ್ನು ಮನೆಯಲ್ಲಿಯೇ ಅಚ್ಚುಕಟ್ಟಾಗಿ ಮಾಡಲು ಕಲಿಯಬೇಕು, ಅದನ್ನು ಮನೆಯ ಗಂಡಸರೂ ಮಕ್ಕಳೂ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಕಾರಣವನ್ನು ವಿವರಿಸುತ್ತೇನೆ.

ಹಂಚಿನ ಮೇಲೆ ಬೇಯಿಸುವ ಸ್ಯಾಂಡ್‌ವಿಚ್‌ಗಳಲ್ಲಿ ಹೆಸರಾದದ್ದು ಅಮೆರಿಕದ 'ರೂಬೆನ್'. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯಿಂದಲೂ ಪೂರ್ವ ಯುರೋಪಿನಿಂದಲೂ ವಲಸೆ ಹೋದ ಜನ ನ್ಯೂಯಾರ್ಕಿನಂಥ ನಗರಗಳಲ್ಲಿ ತಮ್ಮ ಊರಿನ ಉಪ್ಪು ಹಾಕಿದ ಮಾಂಸ, ಉಪ್ಪಿನಕಾಯಿ, ಬ್ರೆಡ್ಡುಗಳನ್ನು ಮಾರುವ ಅಂಗಡಿಗಳನ್ನು ತೆರೆದರು. ಇವೇ 'ಡೆಲಿ'ಗಳು. ರೂಬೆನ್ ಹುಟ್ಟಿದ್ದು ತಮ್ಮಲ್ಲಿಯೇ ಎಂದು ನ್ಯೂಯಾರ್ಕಿನವರೂ ನೆಬ್ರಾಸ್ಕಾದ ಒಮಾಹಾ ನಗರದವರೂ ವಾದಿಸುತ್ತಾರೆ. ವಾದವೇನೇ ಇರಲಿ, ಅದರ ಒಳಗಿರುವುದನ್ನು ನೋಡಿ: ರೈ ಎಂಬ ಧಾನ್ಯದ ಬ್ರೆಡ್ಡು, ಉಪ್ಪಿನಲ್ಲಿ ನೆನೆಸಿದ ದನದ ಮಾಂಸ, ಹುಳಿ ಬರಿಸಿದ ಎಲೆಕೋಸು, ಚೀಸು, ತುಸು ಖಾರವಾದ ಕೆನೆಯಂಥ ಸಾರ.

ಈಗ ನಮ್ಮ ಹೊಲದ ಬುತ್ತಿಯನ್ನು ಬಿಚ್ಚಿ ನೋಡೋಣ. ರೈ ಚಳಿನಾಡಿನ ಬಡನೆಲದಲ್ಲಿಯೂ ಬೆಳೆಯುವ ಧಾನ್ಯ. ನಮ್ಮ ಎರೆಭೂಮಿಯ ಹಿಂಗಾರಿ ಜೋಳ ಕಡಿಮೆ ನೀರಿನಲ್ಲಿ ಬೆಳೆಯುವಂಥದು. ಅಲ್ಲಿ ಹುಳಿ ಬರಿಸಿದ ಕೋಸಾದರೆ, ಇಲ್ಲಿ ಅಗಸಿ, ಹಸಿಮೆಣಸಿನಕಾಯಿ, ಕಾಯಿಪಲ್ಲೆಗಳನ್ನು ಕೂಡಿಸಿ ಕೆಲವು ದಿನ ಹುಳಿ ಬರಿಸುವ ಕರಿಂಡಿ. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಗೆ 'ರೊಟ್ಟಿ ಜಾತ್ರೆ' ಎಂದೇ ಹೆಸರು. ಖಡಕ್ ರೊಟ್ಟಿ, ಭಜ್ಜಿ, ಕರಿಂಡಿಗಳನ್ನು ಜಾತಿಮತಗಳ ಭೇದವಿಲ್ಲದೆ ಜನ ಅಲ್ಲಿ ಕೂಡಿ ಉಣ್ಣುತ್ತಾರೆ. ಅಲ್ಲಿಯ ಸಾರದ ಸ್ಥಾನದಲ್ಲಿ ಇಲ್ಲಿ ಮೊಸರಿನಲ್ಲಿ ಕಲಸಿದ ಕೆಂಪು ರಂಜಕವಿದೆ. ಮಾಂಸದ ಸ್ಥಾನವನ್ನು ನಮ್ಮ ಬದನೆಕಾಯಿ ಎಣ್ಣೆಗಾಯಿ ತುಂಬಬಲ್ಲದು. ದೂರದ ಊರಿನ ತಿನಿಸೆಂದು ನಾವು ಬಗೆದದ್ದು ನಮ್ಮ ಬುತ್ತಿಯ ದೂರದ ನೆಂಟನೇ ಸರಿ.

ಹಾಗಿದ್ದರೆ ರೊಟ್ಟಿಯಿಂದಲೇ ಅದನ್ನು ಮಾಡಬಾರದೇಕೆ ಎಂದು ನೀವು ಕೇಳಬಹುದು. ಗೋಧಿಯಲ್ಲಿ ಗ್ಲೂಟೆನ್ ಎಂಬ ಅಂಟಿನಂಥ ಪದಾರ್ಥವಿದೆ. ಅದು ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಬ್ರೆಡ್ಡು ಉಬ್ಬುತ್ತದೆ, ಹೋಳಾಗಿ ಕೊಯ್ಯಲು ಬರುತ್ತದೆ. ಜೋಳದಲ್ಲಿ ಅದಿಲ್ಲ. ಆದ್ದರಿಂದಲೇ ಕುದಿಯುವ ಎಸರು ಹಾಕಿ ಹಿಟ್ಟಿಗೆ ಜಿಗುಟು ಬರಿಸಬೇಕು. ನಾದಿಟ್ಟ ಹಿಟ್ಟು ಬಹಳ ಹೊತ್ತು ತಾಳದು, ಬಡಿಯುವಾಗ ಅಂಚು ಬಿರಿಯುತ್ತದೆ. ಹೀಗಾಗಿ ಪ್ರತಿ ರೊಟ್ಟಿಗೂ ಮತ್ತೆ ನಾದಬೇಕು, ಮತ್ತೆ ಬಡಿಯಬೇಕು, ಹಂಚಿನ ಮುಂದಿನಿಂದ ಏಳದೆ ಸುಡಬೇಕು. ಮೃದುವಾದ ಬಿಸಿರೊಟ್ಟಿಯನ್ನು ಪಲ್ಯವಿಟ್ಟು ಮಡಚಬಹುದು. ಖಡಕ್ ರೊಟ್ಟಿಯನ್ನು ಮಡಚಹೋದರೆ ಮುರಿದೀತು. ಸ್ಯಾಂಡ್‌ವಿಚ್ಚಿಗೆ ಗೋಧಿ ಬ್ರೆಡ್ಡೇ ಸರಿ.

ನನ್ನ ಮುಖ್ಯ ಮಾತು ಇಲ್ಲಿದೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆಗ ಜೋಳದ ನಾರು, ಸತ್ವ, ಆರೋಗ್ಯಗಳ ಬಗೆಗೆ ಎಷ್ಟೋ ಭಾಷಣಗಳನ್ನು ಕೇಳಿದೆ. ರೊಟ್ಟಿ ಬಡಿಯುವವರ ರಟ್ಟೆಯ ಬಗೆಗೆ ಒಬ್ಬರೂ ಮಾತನಾಡಿದ್ದನ್ನು ಕೇಳಲಿಲ್ಲ. ನಾವು ಗಂಡಸರು 'ನಮ್ಮ ಅವ್ವನ ರೊಟ್ಟಿ' ಎಂದು ಕಣ್ಣು ತುಂಬಿಕೊಳ್ಳುತ್ತೇವೆ. ಆ ಅವ್ವ ಉರಿಯ ಮುಂದೆ ಕುಳಿತು ಎಲ್ಲರಿಗೂ ಬಿಸಿರೊಟ್ಟಿ ಬಡಿಸಿ, ಕೊನೆಗೆ ತಾನು ಆರಿದ ರೊಟ್ಟಿಯನ್ನು ಉಂಡದ್ದು ಮಾತ್ರ ನೆನಪಿಗೆ ಬರುವುದಿಲ್ಲ. ನಾಗರಪಂಚಮಿಯ ಹೊತ್ತಿನ ರೊಟ್ಟಿ ಹಬ್ಬದಲ್ಲಿ ಮನೆಮನೆಗೆ ರೊಟ್ಟಿ, ಪಲ್ಯಗಳನ್ನು ಬೀರುವುದು ಎಷ್ಟು ಸೊಗಸು! ಆದರೆ ಅದಕ್ಕಾಗಿ ದಿನಗಟ್ಟಲೆ ರೊಟ್ಟಿ ಬಡಿದವರು ಯಾರು? ಪದ್ಧತಿ ಉಳಿಯಬೇಕೆಂದು ಬಯಸುವವನು ಅದರ ಭಾರವನ್ನೂ ಹೊರಬೇಡವೇ?

ಸ್ಯಾಂಡ್‌ವಿಚ್ಚಿನ ಗುಣವೆಂದರೆ ಅದನ್ನು ಮಾಡಲು ವರ್ಷಗಳ ಅಭ್ಯಾಸ ಬೇಕಿಲ್ಲ. ಹತ್ತು ವರ್ಷದ ಹುಡುಗನೂ ದೊಡ್ಡವರ ಕಣ್ಣೆದುರಿಗೆ ಮಾಡಬಲ್ಲ. ಹಾಗೆಂದು ಹೇಗೆ ಬೇಕಾದರೂ ಮಾಡಿದರೆ ನಡೆಯದು. ಪಾಠ ಹೇಳಿದ ಅಭ್ಯಾಸ ಬಿಡಲಾರದೆ ಕ್ರಮವನ್ನು ಬರೆಯುತ್ತಿದ್ದೇನೆ.

ಬ್ರೆಡ್ಡು ಒಂದು ದಿನ ಹಳೆಯದಾಗಿರಲಿ. ತೀರ ಹೊಸದಾದರೆ ಭಾರಕ್ಕೆ ಮುದ್ದೆಯಾಗುತ್ತದೆ. ಎರಡು ಹೋಳುಗಳ ಹೊರಮೈಗೆ ಬೆಣ್ಣೆ ಸವರಿ. ಒಳಮೈಗೆ ಗಟ್ಟಿಮೊಸರಿನಲ್ಲಿ ಕಲಸಿದ ರಂಜಕವನ್ನು ತೆಳ್ಳಗೆ ಹಚ್ಚಿ. ಕೆಳಗೊಂದು ಚೀಸಿನ ಹಾಳೆ, ಅದರ ಮೇಲೆ ಹಿಚುಕಿದ ಎಣ್ಣೆಗಾಯಿ ಎರಡು ಚಮಚ, ಕರಿಂಡಿ ಒಂದು ಚಮಚ, ಮೇಲೆ ಮತ್ತೊಂದು ಚೀಸಿನ ಹಾಳೆ. ಕರಗಿದ ಚೀಸು ಎರಡು ಕಡೆಯ ಬ್ರೆಡ್ಡನ್ನೂ ಹಿಡಿದಿಡುತ್ತದೆ, ಒಳಗಿನ ಪಸೆ ಬ್ರೆಡ್ಡಿಗೆ ಇಳಿಯದಂತೆ ತಡೆಯುತ್ತದೆ. ಕರಿಂಡಿ ನೀರೊಡೆದಿದ್ದರೆ ಮೊದಲೇ ಬಸಿಯಿರಿ. ಪನೀರು ಕರಗದು, ಚೀಸಿನ ಕೆಲಸಕ್ಕೆ ಅದು ಬಾರದು.

ಕರಿಂಡಿ ಸಿಗದ ಊರಿನಲ್ಲಿರುವವರು ಕೋಸನ್ನೇ ಹುಳಿ ಬರಿಸಬಹುದು. ಅರ್ಧ ಕಿಲೋ ಕೋಸನ್ನು ಸಣ್ಣಗೆ ಹೆಚ್ಚಿ, 10 ಗ್ರಾಂ ಉಪ್ಪು ಬೆರೆಸಿ, ನೀರು ಬಿಡುವವರೆಗೆ ಕೈಯಿಂದ ಹಿಸುಕಿ, ಗಾಜಿನ ಭರಣಿಯಲ್ಲಿ ಒತ್ತಿ ತುಂಬಿ. ಕೋಸು ಆ ನೀರಿನಲ್ಲಿ ಮುಳುಗಿಯೇ ಇರಬೇಕು. ಗಾಳಿ ಹೊರಹೋಗಲು ಮುಚ್ಚಳ ಸಡಿಲಾಗಿರಲಿ. ನಮ್ಮ ಗದಗಿನ ಬಿಸಿಲಿಗೆ ನಾಲ್ಕೈದು ದಿನಗಳಲ್ಲಿ ಹುಳಿ ಬರುತ್ತದೆ. ಚಳಿಯ ಊರಿನಲ್ಲಿ ವಾರಗಳೇ ಬೇಕಾದಾವು.

ರೊಟ್ಟಿಯ ಹಂಚೇ ಸಾಕು, ವಿದ್ಯುತ್ತಿನ ಯಂತ್ರ ಬೇಕಿಲ್ಲ. ಹಂಚು ಕಾದ ಮೇಲೆ ಉರಿಯನ್ನು ತಗ್ಗಿಸಿ. ಸ್ಯಾಂಡ್‌ವಿಚ್ಚನ್ನಿಟ್ಟು ಮೇಲೊಂದು ಭಾರವಾದ ಪಾತ್ರೆಯನ್ನು ಹೇರಿ. ಒಂದೊಂದು ಮೈಗೆ ಮೂರು ನಾಲ್ಕು ನಿಮಿಷ ಸಾಕು. ಉರಿ ಹೆಚ್ಚಾದರೆ ಹೊರಗೆ ಕರಿ, ಒಳಗೆ ತಣ್ಣಗೆ. ಇದರಲ್ಲಿ ಅವಸರ ಸಲ್ಲದು. ಇಳಿಸಿ ಒಂದು ನಿಮಿಷ ಬಿಟ್ಟು ಕೊಯ್ಯಿರಿ.

ಇದನ್ನು ದಿನವೂ ತಿನ್ನಿರೆಂದು ನಾನು ಹೇಳುತ್ತಿಲ್ಲ. ಬೆಣ್ಣೆ, ಚೀಸುಗಳು ನಿತ್ಯದ ಊಟವಾಗಲಾರವು. ಜೋಳದ ರೊಟ್ಟಿಯ ಸ್ಥಾನವನ್ನು ಬಿಳಿ ಬ್ರೆಡ್ಡು ತುಂಬಲಾರದು. ವಾರಕ್ಕೊಂದು ಸಂಜೆ ಮನೆಯ ತಂದೆ ಮಕ್ಕಳು ಕೂಡಿ ಇದನ್ನು ಮಾಡಲಿ, ಪಾತ್ರೆಗಳನ್ನೂ ಅವರೇ ತೊಳೆಯಲಿ, ಮನೆಯಾಕೆಗೆ ಮೊದಲ ಸ್ಯಾಂಡ್‌ವಿಚ್ಚನ್ನು ಬಿಸಿಯಾಗಿಯೇ ಕೊಡಲಿ. ಹಂಚಿನ ಮುಂದೆ ಅರ್ಧ ಗಂಟೆ ನಿಂತ ಹುಡುಗನಿಗೆ ರೊಟ್ಟಿಯ ಬೆಲೆ ತಾನಾಗಿ ತಿಳಿದೀತು. ಮುಂದೆ ಅವನೇ ಹಿಟ್ಟು ನಾದಲು ಕೈಯಿಟ್ಟರೆ ಆಶ್ಚರ್ಯವಿಲ್ಲ.

ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳು ಖಡಕ್ ರೊಟ್ಟಿ ಮಾಡಿ ಮಾರುತ್ತಿವೆ. 'ರೊಟ್ಟಿಯನ್ನೂ ಕೊಂಡು ತಿನ್ನುವ ಕಾಲ ಬಂತು' ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಅದು ಸಂತೋಷದ ಸಂಗತಿ. ಮನೆಯೊಳಗೆ ಲೆಕ್ಕಕ್ಕೇ ಸಿಗದೆ ಹೋದ ದುಡಿಮೆಗೆ ಅಲ್ಲಿ ಬೆಲೆ ದೊರೆತಿದೆ. ಆ ರೊಟ್ಟಿಯನ್ನು ಕೊಳ್ಳುವಾಗ ದಯವಿಟ್ಟು ಚೌಕಾಸಿ ಮಾಡಬೇಡಿ.

ನಿಮ್ಮ ಮನೆಯ ಹಂಚಿನ ಮುಂದೆ ಈ ವಾರ ಯಾರು ನಿಂತರೆಂದು ಬರೆದು ತಿಳಿಸಿ.