ಒಕ್ಕಲ ಮಕ್ಕಳೂ ಕಂಪ್ಯೂಟರ್ ವಿದ್ಯೆಯೂ

“ಮೊದಲು ಅಕ್ಷರ ಬರಲಿ, ಕಂಪ್ಯೂಟರು ಆಮೇಲೆ” ಎಂಬ ಮಾತು ವಿದ್ಯಾವಂತರ ಮನೆಗಳಲ್ಲಿ ಆಗಾಗ್ಗೆ ಕೇಳಿಬರುವುದು. ಬಿಳಿಗೆರೆಯಂತಹ ಹೋಬಳಿಯ ಪ್ರಾಥಮಿಕ ಶಾಲೆಗೆ ಈ ವಿದ್ಯೆ ಏತಕ್ಕೆ, ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಹೂವಾಗುವುದಿಲ್ಲವೆ ಎಂದು ಕೇಳುತ್ತಾರೆ. ಮಾತು ವಿವೇಕದಂತೆಯೇ ತೋರುವುದು. ಆದರೆ ಹೀಗೆನ್ನುವವರ ಮಕ್ಕಳು ಮೈಸೂರಿನ ಖಾಸಗಿ ಶಾಲೆಗಳಲ್ಲಿ ಆರೇಳನೆಯ ವಯಸ್ಸಿಗೇ ಕೀಲಿಮಣೆಯ ಮುಂದೆ ಕುಳಿತಿರುವರು. ಕಾಗುಣಿತ ಪೂರ್ತಿಯಾಗುವವರೆಗೆ ಕಾಯಿರೆಂದು ಅವರಿಗೆ ಯಾರೂ ಹೇಳಿದ್ದಿಲ್ಲ. ತಮ್ಮ ಮಕ್ಕಳಿಗೆ ಎರಡನ್ನೂ ಒಟ್ಟಿಗೆ ಕಲಿಸುವವರು ಒಕ್ಕಲ ಮಕ್ಕಳಿಗೆ ಮಾತ್ರ ಸರದಿಯನ್ನು ಗೊತ್ತುಮಾಡುವುದು ಯಾವ ನ್ಯಾಯ?

ವಾದ ಹೊಸದೂ ಅಲ್ಲ. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ತಂದಾಗಲೂ ಕಾಲ ಇನ್ನೂ ಪಕ್ವವಾಗಿಲ್ಲವೆಂದೇ ಆಕ್ಷೇಪಿಸಿದರು. ಮರುವರ್ಷ ಅದು 13ಕ್ಕೆ ಎದುರಾಗಿ 38 ಮತಗಳಿಂದ ಬಿದ್ದುಹೋಯಿತು. ಮೈಸೂರು ಸಂಸ್ಥಾನವಾದರೋ ಕಾಯಲಿಲ್ಲ. 1913ರಲ್ಲಿಯೇ ಪ್ರಾಥಮಿಕ ಶಿಕ್ಷಣದ ಶಾಸನವನ್ನು ಮಾಡಿತು. ಅಂದು ಅದೂ ಕಾದಿದ್ದರೆ ಇಂದು ಆಕ್ಷೇಪಿಸುವ ಮಹನೀಯರಲ್ಲಿ ಎಷ್ಟು ಮಂದಿಯ ಅಜ್ಜಂದಿರು ಓದು ಕಲಿತಿರುತ್ತಿದ್ದರೋ!

ಯಂತ್ರವು ಒಕ್ಕಲ ಮನೆಗೆ ಶಾಲೆಯ ಅಪ್ಪಣೆ ಕೇಳಿಕೊಂಡು ಬಂದದ್ದಲ್ಲ. ಭೂಮಿ ಯೋಜನೆಯಿಂದ ಕೈಬರಹದ ಪಹಣಿ ಹೋಗಿ ಕಂಪ್ಯೂಟರಿನ ಪಹಣಿ ಬಂದು ಇಪ್ಪತ್ತು ವರ್ಷ ಮೀರಿತು. ಪಡಿತರಕ್ಕೆ ಯಂತ್ರದ ಮೇಲೆ ಬೆರಳೊತ್ತಬೇಕು. ಸಹಾಯಧನದ ಸುದ್ದಿ ಫೋನಿಗೆ ಬರುವುದು. ತಂದೆತಾಯಿಗಳಿಗೆ ಓದು ಬಾರದ ಮನೆಯಲ್ಲಿ ಅದನ್ನು ಓದಿಹೇಳತಕ್ಕವರು ನಾಲ್ಕನೆಯ ತರಗತಿಯ ಮಗನೋ ಮಗಳೋ. ಹಣ ಕಳುಹಿಸುವೆನೆಂದು ನಂಬಿಸಿ ಗುಟ್ಟಿನ ಸಂಖ್ಯೆಯನ್ನು ಕೇಳುವ ಕಳ್ಳನಿಗೆ ಉತ್ತರ ಕೊಡುವುದೂ ಆ ಮಗುವೇ. ಯುಪಿಐಯಲ್ಲಿ ಹಣ ಪಡೆಯುವುದಕ್ಕೆ ಪಿನ್ ಒತ್ತಬೇಕಾಗಿಲ್ಲ, ಕೊಡುವುದಕ್ಕೆ ಮಾತ್ರ ಒತ್ತಬೇಕು. ಮೋಸವಾದರೆ ಕೂಡಲೆ 1930ಕ್ಕೆ ಕರೆಮಾಡಬೇಕು. ಇಷ್ಟನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸುವುದಕ್ಕೆ ಯಂತ್ರವೂ ಬೇಡ, ಕರಿಹಲಗೆ ಸಾಕು.

ಪರದೆಯ ಚಟ ಹತ್ತೀತೆಂಬ ಭಯ ಸುಳ್ಳಲ್ಲ. ಆದರೆ ಚಟವನ್ನು ಕಲಿಸಿದ್ದು ಶಾಲೆಯೆ? ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳನ್ನು ವಿಚಾರಿಸಿದ 2024ರ ಅಸರ್ ವರದಿಯಂತೆ, ಸ್ಮಾರ್ಟ್‌ಫೋನ್ ಬಳಸಬಲ್ಲವರಲ್ಲಿ ಹಿಂದಿನ ವಾರ ಓದಿಗಾಗಿ ಬಳಸಿದವರು ನೂರಕ್ಕೆ 57, ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು 76. ಆಟ ಗುರುವಿಲ್ಲದೆಯೇ ಬಂದಿತು; ಕೆಲಸ ಹಾಗೆ ಬಾರದು. ಸ್ವೀಡನ್ ದೇಶ 2023ರಲ್ಲಿ ಮತ್ತೆ ಅಚ್ಚಿನ ಪುಸ್ತಕದ ಕಡೆಗೆ ತಿರುಗಿತೆಂದು ಕೆಲವರು ಎತ್ತಿ ತೋರಿಸುವರು. ಅಜೀರ್ಣವಾದವನ ಪಥ್ಯವನ್ನು ಉಪವಾಸವಿರುವವನಿಗೆ ವಿಧಿಸಬಹುದೆ?

ಇನ್ನು ಅಕ್ಷರದ ಮಾತು. ಕೆ. ಪಿ. ರಾಯರು ರೂಪಿಸಿದ ಕನ್ನಡ ಕೀಲಿಮಣೆಯನ್ನು ಆಕ್ಷೇಪಿಸುವವರು ಒಮ್ಮೆ ಒತ್ತಿ ನೋಡಲಿ. ‘ಕ’ ಒತ್ತಿ ಮೇಲೆ ‘ಇ’ ಒತ್ತಿದರೆ ‘ಕಿ’ ಆಗುವುದು. ನಡುವೆ ಲೋಪದ ಕೀಲಿಯಿಟ್ಟು ‘ಕ’ವನ್ನು ಎರಡು ಸಾರಿ ಒತ್ತಿದರೆ ಒತ್ತಕ್ಷರ ಮೂಡುವುದು. ಇದು ಕಾಗುಣಿತವಲ್ಲದೆ ಮತ್ತೇನು? ಅಕ್ಷರಕ್ಕೆ ಯಂತ್ರ ಶತ್ರುವೆಂದು ಹೆದರುವವರ ಕಣ್ಣಮುಂದೆಯೇ ಅದು ಸ್ವರವ್ಯಂಜನಗಳನ್ನು ಬಿಡಿಸಿ ಕೂಡಿಸಿ ತೋರಿಸುತ್ತಿದೆ. ಕೇಡು ಬೇರೆಡೆಯಲ್ಲಿದೆ: ಕಂಪ್ಯೂಟರೆಂದರೆ ಇಂಗ್ಲಿಷೆಂದು ಮಗುವನ್ನು ನಂಬಿಸಿರುವುದರಿಂದ, ಕನ್ನಡ ಬಲ್ಲ ಹುಡುಗನೂ ಫೋನಿನಲ್ಲಿ ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಿರುವನು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೆಯ ತರಗತಿಯಿಂದಾಚೆಗೆ ಕೋಡಿಂಗನ್ನು ಹೇಳುತ್ತದೆ. ಐದನೆಯ ತರಗತಿಯವರೆಗೆ ಕೀಲಿಮಣೆಯನ್ನೇ ಮುಟ್ಟದ ಮಗು ಅಲ್ಲಿ ಮಾಡುವುದೇನು?

ಒಬ್ಬಿಬ್ಬರೇ ಉಪಾಧ್ಯಾಯರು ಐದು ತರಗತಿಗಳನ್ನು ನಡೆಸಬೇಕಾದೆಡೆ ಬರಿಯ ಯಂತ್ರಗಳನ್ನು ಕಳುಹಿಸಿದರೆ ಅವು ಬೀರುವಿನಲ್ಲಿಯೇ ಉಳಿಯುವುವು. ಆದುದರಿಂದ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಲಾಭಿವೃದ್ಧಿ ಸಮಿತಿಗಳು ಯಂತ್ರಕ್ಕಿಂತ ಮೊದಲು ಉಪಾಧ್ಯಾಯರನ್ನೂ ಅವರಿಗೆ ತರಬೇತಿಯನ್ನೂ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಗಂಟೆಗಳನ್ನೂ ಬರಹದ ಮೂಲಕ ಕೇಳಬೇಕು. ಆ ಮನವಿಗೆ ವಿದ್ಯಾವಂತರ ಸಹಿಗಳೂ ಬೀಳಬೇಕು.