ಪರೀಕ್ಷೆ ಕೇಳದ ಹೊರೆ

ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮ ಸಮಾಜದ ಮನೆಗಳಲ್ಲಿ ಮಗು ಹತ್ತನೆಯ ತರಗತಿ ಮುಟ್ಟುವ ಮೊದಲೇ ‘ಬೈಪಿಸಿ’ ಎಂಬ ಮಾತು ಕೇಳಿಬರುತ್ತದೆ. ಜೀವಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಈ ಎರಡು ವರ್ಷಗಳ ಇಂಟರ್ಮೀಡಿಯೆಟ್ ವ್ಯಾಸಂಗವೇ ವೈದ್ಯಕೀಯ ಶಿಕ್ಷಣದ ಹೆಬ್ಬಾಗಿಲು. ಅನೇಕ ವಸತಿ ಕಾಲೇಜುಗಳಲ್ಲಿ ನಸುಕಿಗೆ ಆರಂಭವಾದ ಪಾಠ ರಾತ್ರಿಯವರೆಗೂ ಮುಗಿಯುವುದಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಯ ಮಕ್ಕಳಿಗೆ ಅಷ್ಟು ಬಿಡುವೂ ದೊರೆಯದು.

ಈ ಹೊರೆ ಹೊತ್ತವರಿಗೇ ಸೀಟು ದೊರೆಯುತ್ತದೆಯೇ? ನೀಟ್ ಪರೀಕ್ಷೆಯ ಸ್ವರೂಪವನ್ನೇ ನೋಡೋಣ. 2025ರಲ್ಲಿ 180 ನಿಮಿಷ, 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ, ಅಂದರೆ 360 ಅಂಕ, ಜೀವಶಾಸ್ತ್ರದ್ದು. ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. ಪ್ರಶ್ನೆಗಳು ಬರುವುದು ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳ ಪಠ್ಯದಿಂದ. ಇಂಟರ್ಮೀಡಿಯೆಟ್ ಅಂಕಗಳು ಅರ್ಹತೆಗೆ ಮಾತ್ರ. ಸಾಮಾನ್ಯ ವರ್ಗದವರಿಗೆ ವಿಜ್ಞಾನ ವಿಷಯಗಳಲ್ಲಿ ಶೇ. 50 ಸಾಕು. ಎಷ್ಟು ಗಂಟೆ ತರಗತಿಯಲ್ಲಿ ಕುಳಿತೆ ಎಂದು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿರುವ ನಮ್ಮ ಬಂಧುಗಳು ಬಲ್ಲಂತೆ, ಅಲ್ಲಿ ಪದವಿಯ ನಂತರವೇ ವೈದ್ಯಕೀಯ ಪ್ರವೇಶ. ಪದವಿಯಲ್ಲಿ ಆಯ್ದ ವಿಷಯಗಳ ಭಾರವೂ ಅಂಕಗಳೂ ಅಲ್ಲಿ ತೂಕಕ್ಕೆ ಬರುತ್ತವೆ. ಇಲ್ಲಿ ಬರುವುದಿಲ್ಲ.

ಹಿಂದೆ ಎಂಸೆಟ್ ರ‍್ಯಾಂಕಿನಲ್ಲಿ ಇಂಟರ್ಮೀಡಿಯೆಟ್ ಅಂಕಗಳಿಗೆ ಶೇ. 25 ಪಾಲಿತ್ತು. ಆಗ ಎರಡು ಪರೀಕ್ಷೆಗಳ ಹೊರೆಗೆ ಕಾರಣವಿತ್ತು. ನೀಟ್ ಬಂದ ಮೇಲೆ ಕಾರಣ ಹೋಯಿತು, ಹೊರೆ ಉಳಿಯಿತು.

ಇದಕ್ಕೆ ಇನ್ನೊಂದು ಕಟ್ಟು ಸೇರಿದೆ. ತೆಲಂಗಾಣದ ಪಾಲಿನ ಸೀಟುಗಳಿಗೆ ಸ್ಥಳೀಯರೆನಿಸಲು ಅರ್ಹತಾ ಪರೀಕ್ಷೆಯವರೆಗಿನ ಸತತ ನಾಲ್ಕು ವರ್ಷ ರಾಜ್ಯದಲ್ಲೇ ಓದಿರಬೇಕೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2025ರ ಸೆಪ್ಟೆಂಬರ್ 1ರಂದು ಎತ್ತಿಹಿಡಿಯಿತು. ಕೆಲವು ಸರ್ಕಾರಿ ನೌಕರರ ಮಕ್ಕಳಿಗಷ್ಟೇ ವಿನಾಯಿತಿ. ಇಲ್ಲಿನ ಒತ್ತಡ ತಾಳದೆ ಮಗುವನ್ನು ಊರ ಕಡೆಯ ಪಿಯು ಕಾಲೇಜಿಗೆ ಕಳುಹಿಸೋಣವೆಂದರೆ ಇಲ್ಲಿನ ಹಕ್ಕು ತಪ್ಪುತ್ತದೆ. ಆದುದರಿಂದ ನಿರ್ಧಾರ ಒಂಬತ್ತನೆಯ ತರಗತಿಗೂ ಮುನ್ನವೇ ಆಗಬೇಕು. ಇಲ್ಲೇ ಇರುವುದಾದರೆ ಇಲ್ಲಿನ ಹೊರೆಯನ್ನು ಇಳಿಸುವ ಮಾರ್ಗವನ್ನೇ ಹುಡುಕಬೇಕು.

ಸರ್ಕಾರಗಳಿಗೆ ಇದು ತಿಳಿಯದ ವಿಷಯವಲ್ಲ. ಅವಿಭಜಿತ ಆಂಧ್ರಪ್ರದೇಶದ ಕಾಲದಲ್ಲೇ, 2001ರಲ್ಲಿ, ನೀರದಾ ರೆಡ್ಡಿ ಸಮಿತಿ ಕಾಲೇಜು ವಿದ್ಯಾರ್ಥಿಗಳ ಆತ್ಮಹತ್ಯೆಗಳ ಕುರಿತು ವರದಿ ನೀಡಿತ್ತು. 2024ರ ಜನವರಿಯಲ್ಲಿ ಕೇಂದ್ರವು ಕೋಚಿಂಗ್ ದಿನಕ್ಕೆ ಐದು ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು ಎಂದು ಮಾರ್ಗಸೂಚಿ ಹೊರಡಿಸಿತು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಸಿದ್ಧಳಾಗುತ್ತಿದ್ದ ಹದಿನೇಳರ ಬಾಲಕಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಜುಲೈನಲ್ಲಿ, ಅಂಕಗಳ ಆಧಾರದಲ್ಲಿ ಮಕ್ಕಳನ್ನು ಬೇರೆ ಬೇರೆ ತಂಡಗಳಾಗಿ ವಿಂಗಡಿಸಬಾರದೆಂದು ಸೂಚಿಸಿತು. ಆದರೆ ಕಾಲೇಜೇ ಕೋಚಿಂಗ್ ಕೇಂದ್ರವೂ ಆಗಿರುವಲ್ಲಿ ಆ ಐದು ಗಂಟೆಗಳನ್ನು ಎಣಿಸುವವರು ಯಾರು? ಎಣಿಸಬೇಕಾದ ಆಡಳಿತ ಸುಮ್ಮನಿದೆ. ಮತ ಕೇಳಲು ಬರುವವರನ್ನು ನಾವೂ ಈ ಪ್ರಶ್ನೆ ಕೇಳಿಲ್ಲ.

ಬಂಧುಗಳೇ, ತಪ್ಪು ಕಾಲೇಜಿನದು ಮಾತ್ರವಲ್ಲ. ಹೆಚ್ಚು ಗಂಟೆ ಎಂದರೆ ಹೆಚ್ಚು ಶುಲ್ಕ ತೆರಲು ಸಿದ್ಧರಿರುವವರು ನಾವೇ. ಪ್ರವೇಶ ಪಡೆಯುವ ಮುನ್ನ ಮೂರು ಪ್ರಶ್ನೆ ಕೇಳೋಣ: ದಿನಕ್ಕೆ ಎಷ್ಟು ಗಂಟೆ ಪಾಠ? ವಾರದ ರಜೆ ನಿಜವಾಗಿಯೂ ಉಂಟೇ? ಮಗುವಿನ ಮಾತು ಕೇಳಲು ಆಪ್ತಸಮಾಲೋಚಕರು ಇದ್ದಾರೆಯೇ? ನಮ್ಮ ವಿದ್ಯಾನಿಧಿಗಳು ರ‍್ಯಾಂಕ್ ಪಡೆದವರನ್ನು ಸನ್ಮಾನಿಸುವುದರ ಜೊತೆಗೆ, ಸೀಟು ದೊರೆಯದೆ ಶುಶ್ರೂಷೆ, ಔಷಧಶಾಸ್ತ್ರ, ಜೀವವಿಜ್ಞಾನಗಳತ್ತ ಹೊರಳಿದ ಮಕ್ಕಳ ಶುಲ್ಕಕ್ಕೂ ನೆರವಾಗಲಿ. ಕಣ್ಣಿಗೆ ಕಾಣದ ಜೀವಿಗೂ ನೋವಾಗದಿರಲೆಂದು ನೀರನ್ನು ಸೋಸಿ ಕುಡಿಯುವ ಮನೆಗಳು ನಮ್ಮವು. ಆ ಎಚ್ಚರ ನಮ್ಮ ಮಕ್ಕಳ ವೇಳಾಪಟ್ಟಿಗೂ ಸಲ್ಲಲಿ.